ವಾರಕ್ಕೊಂದು ಕ್ಯಾಪ್ಸೂಲ್: 60,000 ಯೂನಿಟ್ಟಿನ ವಿಟಮಿನ್ ಡಿ ಬಳಸಿದ ಅನುಭವ

ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲಗಳಿವೆಯೆಂದು ನಗೆಯಾಡುವ ಬಳ್ಳಾರಿಯವನಾದ ನನ್ನ ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 11 ನ್ಯಾನೊಗ್ರಾಂ ಮಾತ್ರ ಇದೆಯೆಂಬ ವರದಿ ಬಂದಾಗ, ಲ್ಯಾಬಿನವರೇ ಎಡವಿರಬೇಕು ಎಂದುಕೊಂಡೆ. ಆದರೆ ಕೌಲ್ ಬಜಾರಿನ ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕ ಬರೆಯುವ ನಾನು ಬೆಳಿಗ್ಗೆ ಒಳಹೊಕ್ಕರೆ ಹೊರಬೀಳುವುದು ಕತ್ತಲಾದ ಮೇಲೆ. ಬಿಸಿಲು ಊರಿಗಿದೆ, ನನ್ನ ಮೈಗಿಲ್ಲ. 20ಕ್ಕಿಂತ ಕಡಿಮೆಯಿದ್ದರೆ ಕೊರತೆ ಎಂದೇ ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ಪರೀಕ್ಷೆ ಮಾಡಿಸಿದ್ದು ಕ್ಲಸ್ಟರ್ ತಲೆನೋವಿನ ದೆಸೆಯಿಂದ. ರಾತ್ರಿ ಎರಡರ ಸುಮಾರಿಗೆ ಬಲಗಣ್ಣಿನ ಹಿಂದೆ ಕಾಯಿಸಿದ ದಬ್ಬಳ ಇಳಿಸಿದಂತೆ ನೋವು ಏಳುತ್ತದೆ, ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಅದೇ ಕಡೆಯ ಮೂಗಿನ ಹೊಳ್ಳೆ ಕಟ್ಟುತ್ತದೆ. ಮೈಗ್ರೇನ್ ಬಂದವರು ಕತ್ತಲೆಯ ಕೋಣೆ ಹುಡುಕಿ ಮಲಗುತ್ತಾರೆ. ಇದು ಬಂದವನಿಗೆ ಮಲಗಲಾಗದು, ಪಡಸಾಲೆಯ ಉದ್ದಕ್ಕೂ ಅಡ್ಡಾಡಬೇಕು. 15 ನಿಮಿಷದಿಂದ 3 ಗಂಟೆಯವರೆಗೆ ಇರುವ ಈ ನೋವು ವಾರಗಟ್ಟಲೆ ಹೀಗೆ ಕಾಡಿ, ಒಂದು ದಿನ ತಾನಾಗಿಯೇ ಹೊರಟುಹೋಗುತ್ತದೆ. ಹೆಚ್ಚಿನ ಪ್ರಮಾಣದ ವಿಟಮಿನ್ ಡಿ ಇದನ್ನು ತಡೆಯುತ್ತದೆ ಎಂಬ ಮಾತು ರೋಗಿಗಳ ನಡುವೆ ಓಡಾಡುತ್ತಿದೆ. ನರರೋಗ ತಜ್ಞರು ಅದನ್ನು ಅಲ್ಲಗಳೆಯದೆ, ತಲೆದೂಗದೆ, ಕೊರತೆಯಿದ್ದರೆ ತುಂಬಿಸೋಣ ಎಂದಷ್ಟೇ ಹೇಳಿ, ವಾರಕ್ಕೆ ಒಂದರಂತೆ ಎಂಟು ವಾರ ಎಂದು ಚೀಟಿ ಬರೆದರು.

ಕ್ಯಾಪ್ಸೂಲ್ ಬಗ್ಗೆ ಹೇಳುವುದಾದರೆ, ನಾಲ್ಕರ ಪಟ್ಟಿಯಲ್ಲಿ ಬರುವ ಜೇನುಬಣ್ಣದ ಮೆದು ಗುಳಿಗೆ ಅದು. ನುಂಗಲು ಸುಲಭ, ಬಾಯಲ್ಲಿ ರುಚಿ ಉಳಿಯುವುದಿಲ್ಲ. ಮೊದಲು ಕೊಟ್ಟ ಪುಡಿಯ ಸ್ಯಾಷೆಯನ್ನು ಹಾಲಿನಲ್ಲಿ ಎಷ್ಟು ಕದಡಿದರೂ ಲೋಟದ ತಳದಲ್ಲಿ ಸ್ವಲ್ಪ ಉಳಿಯುತ್ತಿದ್ದುದರಿಂದ ನನಗೆ ಇದೇ ಹಿಡಿಸಿತು. ಕೊಬ್ಬಿನಲ್ಲಿ ಕರಗುವ ವಿಟಮಿನ್ ಆದುದರಿಂದ ಖಾಲಿ ಹೊಟ್ಟೆಯಲ್ಲಿ ನುಂಗದೆ, ತುಪ್ಪವೋ ಶೇಂಗಾ ಚಟ್ನಿಯೋ ಇರುವ ಮಧ್ಯಾಹ್ನದ ಊಟದ ಜೊತೆಗೆ ತೆಗೆದುಕೊಂಡೆ.

ದೂರು ಇರುವುದು ಮಾರುವ ರೀತಿಯ ಮೇಲೆ. ಮೊದಲ ಸಲ ಕೊಂಡ ಮೆಡಿಕಲ್ ಶಾಪಿನ ಹುಡುಗ, ಚೀಟಿಯನ್ನು ಸರಿಯಾಗಿ ನೋಡದೆ, ಕಂದು ಲಕೋಟೆಯ ಮೇಲೆ ಉಳಿದ ಮಾತ್ರೆಗಳಿಗೆ ಬರೆದ ಕೈಯಲ್ಲೇ ಇದಕ್ಕೂ ‘1-0-0’, ಅಂದರೆ ದಿನಾ ಬೆಳಿಗ್ಗೆ ಒಂದು, ಎಂದು ಬರೆದುಬಿಟ್ಟ. ಎರಡು ದಿನ ಎರಡು ಕ್ಯಾಪ್ಸೂಲ್ ನುಂಗಿದ್ದೆ. ಮೂರನೆಯ ದಿನ ಚೀಟಿಯನ್ನು ಮತ್ತೆ ಬಿಡಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಕೂಡಲೇ ವೈದ್ಯರಿಗೆ ಫೋನ್ ಮಾಡಿದೆ. ಎರಡರಿಂದ ಅಪಾಯವಿಲ್ಲ, ಮುಂದಿನ ವಾರದ್ದನ್ನು ಬಿಡಿ ಎಂದರು. ವೈದ್ಯರ ನಿಗಾ ಇಲ್ಲದೆ ವಯಸ್ಕರು ಮೀರಬಾರದ ದಿನದ ಮಿತಿ 4,000 ಯೂನಿಟ್; ಈ ಒಂದು ಕ್ಯಾಪ್ಸೂಲ್ ಅದರ 15 ಪಟ್ಟು. ಹೆಚ್ಚಾದದ್ದು ಮೂತ್ರದಲ್ಲಿ ಹರಿದುಹೋಗದೆ ಮೈಯಲ್ಲೇ ಉಳಿಯುತ್ತದೆ, ಹಾಗೆಯೇ ಮುಂದುವರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಗೊಂದಲ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಈ ಬಿಸಿಲೂರಿನಲ್ಲಿ ಬಾಯಾರಿಕೆಯನ್ನು ಯಾರು ತಾನೇ ರೋಗಲಕ್ಷಣವೆಂದು ಎಣಿಸಿಯಾರು! ತಯಾರಕರು ‘ವಾರಕ್ಕೊಂದೇ’ ಎಂಬುದನ್ನು ಪಟ್ಟಿಯ ಬೆನ್ನ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚುಹಾಕಿದ್ದರೆ ಅರ್ಧ ಅಂಕ ಹೆಚ್ಚು ಕೊಡುತ್ತಿದ್ದೆ.

ಕ್ಲಸ್ಟರ್ ತಲೆನೋವಿನವರು ಇನ್ನೊಂದು ವಿಷಯವನ್ನು ಗಮನಿಸಬೇಕು. ನೋವು ಮರುಕಳಿಸದಂತೆ ನಮಗೆ ಕೊಡುವ ವೆರಾಪಮಿಲ್ ಕೆಲಸ ಮಾಡುವುದೇ ಜೀವಕೋಶಗಳೊಳಕ್ಕೆ ಹೋಗುವ ಕ್ಯಾಲ್ಸಿಯಮನ್ನು ತಡೆದು; ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಅದರ ಪರಿಣಾಮ ಕುಗ್ಗಬಹುದು. ಆದ್ದರಿಂದ ವಿಟಮಿನ್ ಡಿ ಜೊತೆಗೆ ಕ್ಯಾಲ್ಸಿಯಂ ಮಾತ್ರೆಯನ್ನು ನಾನಾಗಿಯೇ ಸೇರಿಸಿಕೊಳ್ಳಲಿಲ್ಲ. ಮೂತ್ರಪಿಂಡದಲ್ಲಿ ಕಲ್ಲು ಇದ್ದವರು, ರಕ್ತದೊತ್ತಡಕ್ಕೆ ಥಯಜೈಡ್ ಗುಂಪಿನ ಮಾತ್ರೆ ಅಥವಾ ಹೃದಯಕ್ಕೆ ಡಿಜಾಕ್ಸಿನ್ ನುಂಗುವವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಇನ್ನು ತಲೆನೋವು ನಿಂತಿತೇ? ಆರನೆಯ ವಾರ ನಿಂತಿತು. ಆದರೆ ಹಿಂದಿನ ಸಲ ಯಾವ ಕ್ಯಾಪ್ಸೂಲೂ ಇಲ್ಲದೆ ಏಳನೆಯ ವಾರ ನಿಂತಿತ್ತು, ಈ ಸಲ ವೆರಾಪಮಿಲ್ ಬೇರೆ ಇತ್ತು. ಹೀಗಿರುವಾಗ ಕೀರ್ತಿಯನ್ನೆಲ್ಲ ವಿಟಮಿನ್ನಿಗೆ ಕಟ್ಟಲು ನನ್ನ ಲೆಕ್ಕದ ಬುದ್ಧಿ ಒಪ್ಪುವುದಿಲ್ಲ. ನೋವು ಎದ್ದ ಗಳಿಗೆಯಲ್ಲಿ ಇದರಿಂದ ಕವಡೆ ಕಾಸಿನ ಉಪಯೋಗವಿಲ್ಲ. ಆಗ ಕೈಹಿಡಿದದ್ದು ಮುಖವಾಡದ ಮೂಲಕ ನಿಮಿಷಕ್ಕೆ 12 ಲೀಟರಿನಂತೆ ಎಳೆದುಕೊಂಡ ಆಮ್ಲಜನಕವೇ. ಕೊರತೆ ತುಂಬುವ ಔಷಧಿಯಾಗಿ ಐದಕ್ಕೆ ನಾಲ್ಕು ಅಂಕ, ತಲೆನೋವಿನ ಔಷಧಿಯಾಗಿ ಅಂಕ ಕೊಡಲು ಬರುವುದಿಲ್ಲ.

ಎಂಟು ವಾರ ಮುಗಿದು ಒಂದು ತಿಂಗಳ ಮೇಲೆ ಪರೀಕ್ಷಿಸಿದಾಗ ಸಂಖ್ಯೆ 34ಕ್ಕೆ ಏರಿತ್ತು, ಕ್ಯಾಲ್ಸಿಯಂ ಸರಿಯಾಗಿತ್ತು. ವೈದ್ಯರು ತಿಂಗಳಿಗೆ ಒಂದಕ್ಕೆ ಇಳಿಸಿದರು. ಈಗ ಬೇರೆ ಅಂಗಡಿಯಲ್ಲಿ ಒಂದೇ ಕ್ಯಾಪ್ಸೂಲ್ ಕೇಳಿದರೆ ಕತ್ತರಿಯಿಂದ ಪಟ್ಟಿ ಕತ್ತರಿಸಿ ಕೊಡುತ್ತಾರೆ. ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವ ತುದಿಯ ಕಡೆಯಿಂದಲೇ ಕತ್ತರಿಸಿ ಎಂದು ಪ್ರತಿ ಸಲ ಹೇಳಬೇಕಾಗುತ್ತದೆ.