ಹೋಂಬರ್ಗ್ ಟೋಪಿ: ದುಡ್ಡು ಹಾಕುವುದಾದರೆ ಫೆಲ್ಟ್‌ಗೆ ಹಾಕಿ

ಫ್ರಾಂಕ್‌ಫರ್ಟ್‌ನಲ್ಲಿ ನವೆಂಬರ್ ಬಂತೆಂದರೆ ನನ್ನ ಕಪ್ಪು ಹೋಂಬರ್ಗ್ ಪೆಟ್ಟಿಗೆಯಿಂದ ಹೊರಬರುತ್ತದೆ. ಮಾರ್ಚ್‌ವರೆಗೂ ಆಫೀಸಿಗೆ ಅದೇ, ಸಂಜೆಯ ಸಮಾರಂಭಗಳಿಗೂ ಅದೇ. ಹಲವು ಚಳಿಗಾಲ ಕಳೆದರೂ ಅದರ ಆಕಾರ ಒಂದಿಷ್ಟೂ ಕೆಟ್ಟಿಲ್ಲ.

ಇಲ್ಲಿಂದ ಲೋಕಲ್ ರೈಲು ಹತ್ತಿದರೆ ಸಿಗುವ ಬಾಡ್ ಹೋಂಬರ್ಗ್ ಊರಿನದೇ ಹೆಸರು ಇದಕ್ಕೆ. ಅಲ್ಲಿನ ಬುಗ್ಗೆನೀರಿನ ಚಿಕಿತ್ಸೆಗೆ ಬರುತ್ತಿದ್ದ ಬ್ರಿಟನ್ನಿನ ಯುವರಾಜ, ಮುಂದೆ ಏಳನೇ ಎಡ್ವರ್ಡ್ ಆದವನು, 19ನೇ ಶತಮಾನದ ಕೊನೆಗೆ ಇದನ್ನು ತನ್ನ ನಾಡಿನಲ್ಲಿ ಫ್ಯಾಷನ್ ಮಾಡಿದ. 1953ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವಾಗ ಐಸೆನ್‌ಹೋವರ್ ವಾಡಿಕೆಯ ಎತ್ತರದ ಟಾಪ್ ಹ್ಯಾಟ್ ಬಿಟ್ಟು ಹೋಂಬರ್ಗ್ ಹಾಕಿಕೊಂಡರು. ಗತ್ತಿನಲ್ಲಿ ಟಾಪ್ ಹ್ಯಾಟ್‌ಗೂ ಮೆತ್ತನೆ ಅಂಚಿನ ಫೆಡೋರಾ ಟೋಪಿಗೂ ನಡುವಿನ ಸ್ಥಾನ ಇದರದು. ನೆತ್ತಿಯ ಉದ್ದಕ್ಕೂ ಒಂದೇ ತಗ್ಗು, ಮುಂದೆ ಚಿವುಟಿದ ಗುಳಿಗಳಿಲ್ಲ. ಸುತ್ತಲೂ ಮೇಲಕ್ಕೆ ಸುರುಳಿಗೊಂಡ ಗಟ್ಟಿ ಅಂಚು, ಅದರ ತುದಿಗೆ ಸಣ್ಣ ಗೀರುಗಳ ರಿಬ್ಬನ್. ಫೆಡೋರಾದ ಅಂಚನ್ನು ಮುಂದಕ್ಕೆ ಬಾಗಿಸಿಕೊಳ್ಳಬಹುದು, ಇದರದನ್ನು ಮುಟ್ಟುವ ಹಾಗಿಲ್ಲ.

ಟೋಪಿಯ ಅಂದವೆಲ್ಲ ಆ ಸುರುಳಿಯಲ್ಲೇ ಇದೆ. ಅದು ನಿಲ್ಲಬೇಕಾದರೆ ಫೆಲ್ಟ್, ಅಂದರೆ ಉಣ್ಣೆಯನ್ನೋ ತುಪ್ಪಳವನ್ನೋ ಒತ್ತಿ ಮಾಡಿದ ದಪ್ಪ ಬಟ್ಟೆ, ಚೆನ್ನಾಗಿರಬೇಕು. ಗೆಳೆಯರೊಬ್ಬರು ಕುರಿ ಉಣ್ಣೆಯದನ್ನು ಕೊಂಡರು. ನಾಲ್ಕು ಮಳೆಗೆ ಅಂಚು ಹಪ್ಪಳದ ಹಾಗೆ ಡೊಂಕಾಯಿತು, ನೆತ್ತಿ ಕುಗ್ಗಿ ತಲೆಗೆ ಬಿಗಿಯಾಯಿತು. ನನ್ನದು ಮೊಲದ ತುಪ್ಪಳದ್ದು. ಜಿಟಿಜಿಟಿ ಮಳೆಯಲ್ಲಿ ಹನಿಗಳು ಮೇಲೆಯೇ ಮಣಿಮಣಿಯಾಗಿ ಕೂರುತ್ತವೆ, ಸ್ಟೇಷನ್ನಿನ ಮಾಡಿನಡಿ ಒಮ್ಮೆ ಕೊಡವಿದರೆ ಸಾಕು. ಬೆಲೆ ಉಣ್ಣೆಯದರ ಎರಡು ಮೂರು ಪಟ್ಟು, ಆದರೂ ಇದನ್ನೇ ಕೊಳ್ಳಿ ಎನ್ನುತ್ತೇನೆ.

ತೀರಾ ನೆನೆದರೆ ಒಳಗಿನ ಚರ್ಮದ ಪಟ್ಟಿಯನ್ನು ಹೊರಕ್ಕೆ ಮಗುಚಿ, ಅದರ ಮೇಲೆ ಟೋಪಿಯನ್ನು ನಿಲ್ಲಿಸಿ, ತಾನಾಗಿ ಒಣಗಲು ಬಿಡಿ. ಹೀಟರ್ ಹತ್ತಿರ ಇಡಲೇಬೇಡಿ, ಚರ್ಮ ಸೆಟೆದು ಅಳತೆಯೇ ಕೆಡುತ್ತದೆ. ಕಪ್ಪು ಬಣ್ಣಕ್ಕೆ ಧೂಳು ಬೇಗ ಕಾಣುತ್ತದೆ, ಹಾಗಾಗಿ ಮೆತ್ತನೆ ಬ್ರಷ್ ಬೇಕೇ ಬೇಕು. ಬೇಸಿಗೆಯಲ್ಲಿ ಎತ್ತಿಡುವಾಗ ನುಸಿಯ ಭಯ ನಿಜವಾದದ್ದು, ತುಪ್ಪಳವೆಂದರೆ ಅದಕ್ಕೆ ಹಬ್ಬ. ಚೆನ್ನಾಗಿ ಬ್ರಷ್ ಮಾಡಿ, ಮುಚ್ಚಳ ಬಿಗಿಯಿರುವ ಪೆಟ್ಟಿಗೆಯಲ್ಲಿಡಿ.

ಕೊರತೆಯೂ ಇದೆ. ಗಟ್ಟಿ ಫೆಲ್ಟ್ ತಲೆಯ ಆಕಾರಕ್ಕೆ ಒಗ್ಗುವುದಿಲ್ಲ. ನನಗೆ ಮೊದಲ ವಾರಗಳಲ್ಲಿ ಹಣೆಯ ಮೇಲೆ ಕೆಂಪು ಗೆರೆ ಬೀಳುತ್ತಿತ್ತು, ಅಂಗಡಿಯವರು ಹಬೆ ಹಿಡಿದು ಸರಿಪಡಿಸಿದ ಮೇಲೆಯೇ ಹಿತವಾಯಿತು. ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ ಅಂಗಡಿಗೇ ಹೋಗಿ ಹಾಕಿ ನೋಡಿ. ಕಿವಿಗೆ ಇದು ಬೆಚ್ಚಗಲ್ಲ, ಗಾಳಿ ಜೋರಾದರೆ ಕೈಯಲ್ಲಿ ಹಿಡಿದೇ ನಡೆಯಬೇಕು. ಜೀನ್ಸ್, ಜಾಕೆಟ್‌ಗೆ ಒಪ್ಪುವುದಿಲ್ಲ, ಗಾಢ ಬಣ್ಣದ ಉದ್ದ ಓವರ್‌ಕೋಟ್ ಇದ್ದರೆ ಮಾತ್ರ ಕೊಳ್ಳಿ. ಬೆಂಗಳೂರಿನಲ್ಲಿ ಮದುವೆಗೆ ಹಾಕಿಕೊಳ್ಳಲು ಒಯ್ಯಲೇ ಎಂದು ಕೇಳುವವರಿಗೆ ಬೇಡ ಎನ್ನುತ್ತೇನೆ. ಕಲ್ಯಾಣ ಮಂಟಪದ ಸೆಖೆಯಲ್ಲಿ ಬೆವರು ಚರ್ಮದ ಪಟ್ಟಿಗಿಳಿದು ಫೆಲ್ಟ್‌ಗೆ ಕಲೆ ಹಿಡಿಯುತ್ತದೆ.