ಕಳ್ಳತನದ ಕೇಸಿನಲ್ಲಿ ಸಿಕ್ಕ ಮಕ್ಕಳಿಗೆ ಸರ್ಕಾರ ಕೊಡುವ ಉಚಿತ ವಕೀಲರು: ಐದಕ್ಕೆ ಮೂರೂವರೆ

ವಕೀಲರಿಗೂ, 18 ತುಂಬದವರ ಕೇಸು ನೋಡುವ ಬಾಲ ನ್ಯಾಯ ಮಂಡಳಿಗೂ ಮಾತ್ರ ಅಂಕ ಕೊಡುವುದಾದರೆ ನಾಲ್ಕೂವರೆ ಕೊಡುತ್ತಿದ್ದೆ. ಒಂದಂಕ ಸ್ಟೇಷನ್ನಿನಲ್ಲೇ ಕಳೆಯಿತು. ಊರಿನ ಹೆಸರು ಹೇಳಲ್ಲ, ಹುಡುಗನ ಗುರುತು ಸಿಗುವಂಥದ್ದೇನೂ ಬರೆಯಬಾರದು ಅಂತ ಕಾನೂನೇ ಇದೆ.

ಹುಡುಗ ನಮ್ಮ ಬೀದಿಯವನು, 16 ವರ್ಷ. ಟೀ ಅಂಗಡಿ ಮುಂದಿನ ಬೆಂಚಿನ ಮೇಲಿದ್ದ ಫೋನ್ ಎತ್ತಿಕೊಂಡ ಅಂತ ದೂರು. ಅವನಮ್ಮನ ಜೊತೆ ನಾನೂ ಓಡಾಡಿದೆ. ಸ್ಟೇಷನ್ನಿನಲ್ಲಿ 'ಇವನು ಇಪ್ಪತ್ತರ ಥರ ಕಾಣ್ತಾನೆ' ಅಂದರು. ಶಾಲೆಯ ಟಿಸಿ ತಂದು ಟೇಬಲ್ ಮೇಲಿಟ್ಟ ಮೇಲೆ ದನಿ ಬದಲಾಯಿತು. 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಮಂಡಳಿ ಮುಂದೆ ಹಾಜರು ಮಾಡಬೇಕು. ಕಳ್ಳತನದಲ್ಲಿ ದೊಡ್ಡವರೂ ಸೇರಿಕೊಂಡಿಲ್ಲದಿದ್ದರೆ ಇಂಥದ್ದಕ್ಕೆ ಎಫ್‌ಐಆರ್ ಕೂಡ ಹಾಕಬಾರದು, ಸ್ಟೇಷನ್ ಡೈರಿಯಲ್ಲಿ ಬರೆದುಕೊಂಡರೆ ಸಾಕು. ಇದನ್ನೆಲ್ಲ ಅಲ್ಲಿ ಯಾರೂ ಹೇಳಲಿಲ್ಲ. ಹೊರಗೆ ಸಿಕ್ಕ ವಕೀಲರೊಬ್ಬರು ಬೇಲಿಗೆ ಎಷ್ಟಾಗುತ್ತದೆ ಅಂತ ಹೇಳಿದಾಗ ಅವನಮ್ಮ ಸುಮ್ನೆ ಕಿವಿಯೋಲೆ ಮುಟ್ಟಿಕೊಂಡರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಕ್ಕಳಿಗೆ ವಕೀಲರು ಪುಕ್ಕಟೆ, ಮನೆಯ ಆದಾಯ ಎಷ್ಟೇ ಇರಲಿ. ಇದನ್ನು ಒಂದು ಬೋರ್ಡಿನಲ್ಲಿ ಬರೆದು ಹಾಕಬಹುದಿತ್ತು, ಅಲ್ವಾ?

ಉಚಿತ ಅಂದರೆ ಕಾಟಾಚಾರ ಅಂದುಕೊಂಡಿದ್ದೆವು. ಬಂದ ವಕೀಲೆ ಮೇಡಂ ಕಾಗದ ಪೂರ್ತಿ ಓದಿದ್ದರು, ಅಮ್ಮನನ್ನು ಬಿಟ್ಟು ಮೊದಲು ಹುಡುಗನ ಹತ್ತಿರವೇ ಕೂತು ಮಾತಾಡಿದರು. ಮಂಡಳಿಯಲ್ಲಿ ಕಟಕಟೆ ಇರಲಿಲ್ಲ. ಮೇಜಿನಾಚೆ ಮ್ಯಾಜಿಸ್ಟ್ರೇಟ್, ಪಕ್ಕದಲ್ಲಿ ಇಬ್ಬರು ಸಮಾಜ ಕಾರ್ಯಕರ್ತರು. ಪೊಲೀಸರು ಮಫ್ತಿಯಲ್ಲಿ ಬರಬೇಕು ಅಂತ ನಿಯಮ, ನಮ್ಮ ಪೇದೆ ಖಾಕಿ ಪ್ಯಾಂಟಿನ ಮೇಲೆ ಚೌಕಳಿ ಶರ್ಟ್ ಹಾಕಿಕೊಂಡು ಬಂದಿದ್ದರು! ಫೋನಿನ ವಿಷಯ ಆಮೇಲೆ, ಮಂಡಳಿಯವರು ಮೊದಲು ಕೇಳಿದ್ದು 'ಶಾಲೆ ಯಾಕಪ್ಪಾ ಬಿಟ್ಟೆ' ಅಂತ. ಬೇಲ್ ಅವತ್ತೇ ಸಿಕ್ಕಿತು. ಕೊಡದಿದ್ದರೆ ಯಾಕೆ ಕೊಡಲಿಲ್ಲ ಅಂತ ಮಂಡಳಿಯೇ ಬರೆದಿಡಬೇಕಂತೆ.

ಬೇಜಾರಾಗಿದ್ದು ವಾಯಿದೆಗಳಿಂದ. ಪ್ರತಿ ಸಲ ಅವನಮ್ಮನ ಕೂಲಿ ಹೋಗುತ್ತಿತ್ತು. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಜಾಸ್ತಿ ಅಂದರೆ ಇನ್ನೆರಡು ತಿಂಗಳು. ಸಾದಾ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 3 ವರ್ಷ, ಅದು ಸಣ್ಣ ಅಪರಾಧದ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಅಷ್ಟರಲ್ಲೂ ಮುಗಿಯದಿದ್ದರೆ ಕೇಸೇ ಕೈಬಿಡಬೇಕು. ಅದೇ ಫೋನನ್ನು ಯಾರದ್ದಾದರೂ ಮನೆಯೊಳಗಿಂದ ಎತ್ತಿದ್ದರೆ 7 ವರ್ಷದ ಸೆಕ್ಷನ್, ಆಗ ಈ ಅನುಕೂಲ ಇಲ್ಲ ಅಂತ ಮೇಡಂ ಬಿಡಿಸಿ ಹೇಳಿದರು.

ಕೊನೆಗೆ ಬುದ್ಧಿ ಹೇಳಿ, ನಡತೆ ಮೇಲೆ ಕಣ್ಣಿಡುವ ಪ್ರೊಬೇಷನ್ ಅಧಿಕಾರಿ ಹತ್ತಿರ ಆಗಾಗ ಬಂದು ಹೋಗು ಅಂತ ಕಳಿಸಿದರು. ಈ ಕೇಸು ಮುಂದೆ ಅವನ ಕೆಲಸಕ್ಕೆ ಅಡ್ಡಿ ಬರುವಂತಿಲ್ಲ. ಫೋನ್ ಕಳಕೊಂಡವರ ಗತಿ ಏನು ಅಂತ ಕೇಳುವವರಿಗೆ, ಫೋನ್ ವಾಪಸ್ ಸಿಕ್ಕಿದೆ.

ಯಾರಿಗಾದರೂ ಇಂಥ ಉಚಿತ ವಕೀಲರು ಬೇಕಾದರೆ 15100ಕ್ಕೆ ಫೋನ್ ಮಾಡಿ, ಇಲ್ಲಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ವಯಸ್ಸಿಗೆ ಆಧಾರ್ ಒಂದನ್ನೇ ನಂಬಬೇಡಿ, ಶಾಲೆಯ ಜನ್ಮ ದಿನಾಂಕದ ದಾಖಲೆ ಅಥವಾ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಿ, ಎರಡು ಜೆರಾಕ್ಸ್ ಜೊತೆಗೆ.