ಎಂಬೆಡೆಡ್ ಸಿಸ್ಟಮ್ಸ್ ಪ್ರಯೋಗಾಲಯ: ಕಿಟ್ಟು ಹಳೆಯದು, ಕೊರತೆ ಬೇರೆ

ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನ ಎಂಬೆಡೆಡ್ ಸಿಸ್ಟಮ್ಸ್ (ಯಂತ್ರಗಳೊಳಗೆ ಕೂತು ಅವನ್ನು ನಡೆಸುವ ಪುಟ್ಟ ಕಂಪ್ಯೂಟರ್‌ಗಳು) ಪ್ರಯೋಗಾಲಯದಲ್ಲಿ ಒಂದು ಸೆಮಿಸ್ಟರ್ ಪೂರ್ತಿ, ವಾರಕ್ಕೆ ಮೂರು ಗಂಟೆಯಂತೆ ಕೆಲಸ ಮಾಡಿದ್ದೇನೆ. ಪ್ರತಿ ಬೆಂಚಿನ ಮೇಲೂ ಒಂದು ಕಂಪ್ಯೂಟರ್, ಎಲ್‌ಪಿಸಿ2148 ಎಂಬ ಮೈಕ್ರೋಕಂಟ್ರೋಲರ್ ಚಿಪ್ಪಿನ ಒಂದು ಕಿಟ್ಟು (ಅಭ್ಯಾಸದ ಬೋರ್ಡು), ಅದಕ್ಕೆ ಜೋಡಿಸಲು ಎಲ್‌ಸಿಡಿ, ಕೀಪ್ಯಾಡ್ ಮತ್ತು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್ ಇರುತ್ತಿದ್ದವು. ಇಬ್ಬರಿಗೆ ಒಂದು ಕಿಟ್ಟು ಎಂಬುದು ಲೆಕ್ಕ. ಕಿಟ್ಟು ಕೆಟ್ಟ ವಾರಗಳಲ್ಲಿ ನಾಲ್ವರು ಒಂದರ ಸುತ್ತ ನಿಲ್ಲುತ್ತಿದ್ದೆವು.

ಚಿಪ್ಪು ಹಳೆಯದೆಂಬ ದೂರನ್ನು ಎಲ್ಲರೂ ಹೇಳುತ್ತಾರೆ. ಎಆರ್‌ಎಂ7 ಎಂಬ ಹಳೆಯ ಪ್ರೊಸೆಸರ್ ಕೋರ್, ಪ್ರೋಗ್ರಾಮ್ ಇಡಲು 512 ಕೆಬಿ ಫ್ಲ್ಯಾಶ್ ಮೆಮೊರಿ, ಗರಿಷ್ಠ 60 ಮೆಗಾಹರ್ಟ್ಸ್ ವೇಗ. ಉದ್ಯಮವು ಅದರ ನಂತರ ಬಂದ ಕಾರ್ಟೆಕ್ಸ್-ಎಂ ಕೋರಿನ ಚಿಪ್ಪುಗಳಿಗೆ ಹೊರಳಿ ಬಹಳ ಕಾಲವಾಯಿತು, ನಿಜ. ಆದರೂ ರಿಜಿಸ್ಟರಿಗೆ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ ಕೋಶಕ್ಕೆ) ಒಂದು ಬಿಟ್ ಬರೆದು, ಅದರಿಂದ ಪಿನ್ನಿನ ವೋಲ್ಟೇಜ್ ಏರಿಳಿಯುವುದನ್ನು ಅರಿಯಲು ಈ ಚಿಪ್ಪೇ ಸಾಕು.

ನನ್ನ ಆಕ್ಷೇಪವಿರುವುದು ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ವಿಷಯದಲ್ಲಿ. ಇಡೀ ಬ್ಯಾಚಿಗೆ ಇದ್ದದ್ದು ಒಂದೇ, ಅದೂ ಬೀಗ ಹಾಕಿದ ಬೀರುವಿನೊಳಗೆ. ಅದನ್ನು ಕೇಳಿದವರೂ ಕಡಿಮೆ. ಏಕೆಂದರೆ ಮ್ಯಾನ್ಯುಯಲ್‌ನಲ್ಲಿದ್ದ ಪ್ರೋಗ್ರಾಮನ್ನು ಕೀಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಫ್ಲ್ಯಾಶ್ ಮ್ಯಾಜಿಕ್ ಎಂಬ ಇನ್ನೊಂದರ ಮೂಲಕ ಕಿಟ್ಟಿಗೆ ಇಳಿಸಿ, ಮೋಟಾರ್ ತಿರುಗಿದೊಡನೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುತ್ತಿತ್ತು. ನಮ್ಮ ಮೋಟಾರೂ ತಿರುಗಿತು, ಸಹಿಯೂ ಬಿತ್ತು. ಯಾಕೋ ನಿಧಾನವೆನಿಸಿ, ಇನ್‌ಸ್ಟ್ರಕ್ಟರ್ ಅವರನ್ನು ಕೇಳಿ ಸ್ಕೋಪ್ ಇಳಿಸಿಕೊಂಡು ಪ್ರೋಬ್ ತಾಗಿಸಿದಾಗ, ಚಿಪ್ಪಿನ ಟೈಮರ್‌ನಿಂದ 5 ಮಿಲಿಸೆಕೆಂಡಿಗೆಂದು ಲೆಕ್ಕಹಾಕಿದ್ದ ಪ್ರತಿ ಹೆಜ್ಜೆಯೂ ಪರದೆಯ ಮೇಲೆ 20 ಮಿಲಿಸೆಕೆಂಡ್ ಅಗಲವಿತ್ತು. ಸರಿಯಾಗಿ ನಾಲ್ಕು ಪಟ್ಟು! ಪ್ರೊಸೆಸರ್ 60 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದರೂ, ರೀಸೆಟ್ ಆದಮೇಲೆ ನಾವಾಗಿ ಬದಲಿಸದಿದ್ದರೆ ಟೈಮರಿಗೆ ಹೋಗುವ ಕ್ಲಾಕ್ (ಅದು ಎಣಿಸುವ ಮಿಡಿತ) ಅದರ ಕಾಲು ಭಾಗ, ಅಂದರೆ 15 ಮೆಗಾಹರ್ಟ್ಸ್ ಮಾತ್ರ ಎಂಬುದನ್ನು ಡೇಟಾಶೀಟ್‌ನಲ್ಲಿ ಹುಡುಕಿ ತೋರಿಸಿದವರೂ ಅದೇ ಇನ್‌ಸ್ಟ್ರಕ್ಟರ್. ಆ ಅರ್ಧ ಗಂಟೆಯಲ್ಲಿ ಕಲಿತಷ್ಟನ್ನು ಉಳಿದ ಹತ್ತು ಪ್ರಯೋಗಗಳಲ್ಲಿ ಕಲಿತೆನೆಂದು ಹೇಳಲಾರೆ.

ಸ್ವಚ್ಛತೆ, ವಿದ್ಯುತ್ ಪೂರೈಕೆ, ಯುಪಿಎಸ್ ಇವುಗಳ ಬಗ್ಗೆ ದೂರಿಲ್ಲ. ಸೀರಿಯಲ್ ಕೇಬಲ್‌ಗಳು ಮಾತ್ರ ಸಡಿಲ. ಕೈ ತಗುಲಿದರೆ ಸಾಕು, ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತಿತ್ತು.

ಈ ವರ್ಷ ಅಲ್ಲಿಗೆ ಸೇರುವವರು ಒಂದು ಯುಎಸ್‌ಬಿ-ಸೀರಿಯಲ್ ಕೇಬಲ್ಲನ್ನು ತಾವೇ ಒಯ್ಯುವುದು ಒಳ್ಳೆಯದು. ಸ್ಕೋಪನ್ನು ತರಗತಿ ಆರಂಭವಾಗುವ ಮೊದಲೇ ಕೇಳಿರಿ. ಸಹಿಯ ಸಾಲು ಶುರುವಾದ ಮೇಲೆ ಬೀರುವಿನ ಕೀಲಿ ಯಾರ ಬಳಿಯಿದೆ ಎಂಬುದೇ ತಿಳಿಯುವುದಿಲ್ಲ.